ಸೈಟ್ ಬಿದ್ದಿದೆ, ಬ್ಯಾಕಪ್ ಮೂರು ಕಡೆ ಇದೆ: ಯಾವುದರಿಂದ, ಹೇಗೆ ರಿಸ್ಟೋರ್ ಮಾಡೋದು?

ಹೋದ ತಿಂಗಳು ಒಂದು ಬೆಳಗ್ಗೆ ಆರೂವರೆಗೆ ಸಕಲೇಶಪುರದ ಹತ್ತಿರ ಹೋಂಸ್ಟೇ ನಡೆಸುವವರೊಬ್ಬರು ಫೋನ್ ಮಾಡಿದರು. "ಸರ್, ಸೈಟ್ ತೆಗೆದರೆ ಕ್ರಿಟಿಕಲ್ ಎರರ್ ಅಂತ ಒಂದೇ ಸಾಲು ಬರ್ತಿದೆ. ಶನಿವಾರಕ್ಕೆ ಆರು ಬುಕಿಂಗ್ ಇದೆ, ಎಲ್ಲಾ ಅದರೊಳಗೇ ಇದೆ." ಬ್ಯಾಕಪ್ ಇದೆಯಾ ಅಂತ ಕೇಳಿದೆ. ಇತ್ತು, ಮೂರು ಕಡೆ ಇತ್ತು. ಹೋಸ್ಟಿಂಗ್ ಕಂಪನಿ ದಿನಾ ರಾತ್ರಿ ತೆಗೆಯುವುದು ಒಂದು. ಪ್ಲಗಿನ್ (ಸೈಟ್‌ಗೆ ಹೊಸ ಸೌಲಭ್ಯ ಸೇರಿಸುವ ಬಿಡಿ ಸಾಫ್ಟ್‌ವೇರ್) ವಾರಕ್ಕೊಮ್ಮೆ ಗೂಗಲ್ ಡ್ರೈವ್‌ಗೆ ಕಳಿಸುವುದು ಇನ್ನೊಂದು. ಸೈಟ್ ಮಾಡಿಕೊಟ್ಟ ಹುಡುಗ ಒಂದೂವರೆ ವರ್ಷದ ಹಿಂದೆ ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟ ಜಿಪ್ ಫೈಲ್ ಮತ್ತೊಂದು. "ಯಾವುದನ್ನ ಹಾಕ್ಲಿ?" ಅಂತ ಅವರ ಪ್ರಶ್ನೆ.

ಈ ಪ್ರಶ್ನೆ ನನಗೆ ಪದೇಪದೇ ಬರುತ್ತದೆ. ಬ್ಯಾಕಪ್ ಇಲ್ಲದವರ ಕಷ್ಟ ಎಲ್ಲರಿಗೂ ಗೊತ್ತು. ಆದರೆ ಬ್ಯಾಕಪ್ ಇದ್ದೂ ಗಾಬರಿಯಲ್ಲಿ ತಪ್ಪು ಬಟನ್ ಒತ್ತಿ, ಚೆನ್ನಾಗಿದ್ದ ಡೇಟಾವನ್ನೂ ಕಳೆದುಕೊಂಡವರನ್ನು ನಾನು ಜಾಸ್ತಿ ನೋಡಿದ್ದೇನೆ. ಅವತ್ತು ಅವರು ಡ್ರೈವ್‌ನಲ್ಲಿದ್ದ ವಾರದ ಬ್ಯಾಕಪ್ ಅನ್ನು ಪೂರ್ತಿ ಹಾಕಿಬಿಟ್ಟಿದ್ದರೆ ಸೈಟ್ ಎದ್ದು ನಿಲ್ಲುತ್ತಿತ್ತು, ಆರು ಬುಕಿಂಗ್ ಮಾತ್ರ ಹೋಗಿರುತ್ತಿತ್ತು.

ಇಲ್ಲಿ ಬರೆದಿರುವುದೆಲ್ಲ ವರ್ಡ್‌ಪ್ರೆಸ್ ಸೈಟ್‌ಗಳ ಬಗ್ಗೆ. ಕೋಡ್ ಬರೆಯದೆ ಸೈಟ್ ಕಟ್ಟಿ ನಡೆಸುವ ಸಾಫ್ಟ್‌ವೇರ್ ಅದು. ಜಗತ್ತಿನ ನೂರು ಸೈಟ್‌ಗಳಲ್ಲಿ ನಲವತ್ತಕ್ಕಿಂತ ಹೆಚ್ಚು ಅದರ ಮೇಲೇ ನಡೆಯುತ್ತಿವೆ. ನಮ್ಮ ಕಡೆಯ ಹೋಂಸ್ಟೇ, ಶಾಲೆ, ಸಣ್ಣ ಪತ್ರಿಕೆ, ಅಂಗಡಿಗಳ ಪೈಕಿ ನನ್ನ ಕೈಗೆ ಬರುವುದೂ ಬಹುತೇಕ ಅದೇ.

ಏನನ್ನೂ ಮುಟ್ಟುವ ಮೊದಲು

ಎರಡು ಕೆಲಸ ಮಾಡಿ. ಹತ್ತು ನಿಮಿಷ ಸಾಕು.

ಮೊದಲನೆಯದು, ತನ್ನಷ್ಟಕ್ಕೆ ಓಡುವ ಬ್ಯಾಕಪ್ ನಿಲ್ಲಿಸಿ. ತುಂಬ ಜನ ಬಳಸುವ ಅಪ್‌ಡ್ರಾಫ್ಟ್‌ಪ್ಲಸ್ ಪ್ಲಗಿನ್, ನೀವು ಬದಲಾಯಿಸದಿದ್ದರೆ, ಎರಡೇ ಬ್ಯಾಕಪ್ ಇಟ್ಟುಕೊಳ್ಳುತ್ತದೆ. ಹೊಸದು ಬಂದರೆ ಹಳೆಯದನ್ನು ಅಳಿಸುತ್ತದೆ. ಸೈಟ್ ಕೆಟ್ಟಿರುವುದು ಗೊತ್ತಾಗದೆ ಎರಡು ಸುತ್ತು ಓಡಿದರೆ, ಡ್ರೈವ್‌ನಲ್ಲಿ ಇರುವ ಎರಡೂ ಕೆಟ್ಟ ಸೈಟಿನ ಬ್ಯಾಕಪ್ಪೇ ಆಗಿರುತ್ತವೆ. ಅಡ್ಮಿನ್ ಪುಟ ತೆರೆಯುತ್ತಿಲ್ಲವಾದರೆ ಡ್ರೈವ್‌ಗೆ ಹೋಗಿ ಆ ಫೈಲ್‌ಗಳನ್ನು ಬೇರೆ ಫೋಲ್ಡರ್‌ಗೆ ಕಾಪಿ ಮಾಡಿ ಇಡಿ.

ಎರಡನೆಯದು, ಈಗ ಕೆಟ್ಟಿರುವ ಸ್ಥಿತಿಯದ್ದೇ ಒಂದು ಕಾಪಿ ತೆಗೆಯಿರಿ. ಕೆಟ್ಟಿದ್ದನ್ನು ಯಾಕೆ ಇಟ್ಟುಕೊಳ್ಳಬೇಕು ಅನ್ನಿಸುತ್ತದೆ, ಅಲ್ವಾ? ನಿನ್ನೆ ಸಂಜೆ ಬಂದ ಬುಕಿಂಗ್, ಬೆಳಗ್ಗೆ ಬಂದ ಕಾಮೆಂಟ್ ಇರುವುದು ಅದರಲ್ಲಿ ಮಾತ್ರ. ಬರಹ, ಬುಕಿಂಗ್ ಇರುವ ಡೇಟಾಬೇಸ್ ಒಂದನ್ನಾದರೂ ಪಿಎಚ್‌ಪಿಮೈಅಡ್ಮಿನ್‌ನಿಂದ (ಹೋಸ್ಟಿಂಗ್‌ನಲ್ಲಿ ಡೇಟಾಬೇಸ್ ತೆರೆದು ನೋಡುವ ಸಾಧನ) ಎಕ್ಸ್‌ಪೋರ್ಟ್ ಮಾಡಿ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳಿ.

ಯಾವುದನ್ನು ನೋಡಿ ಆರಿಸಬೇಕು

ಎಲ್ಲಕ್ಕಿಂತ ಮುಖ್ಯ, ಕೆಟ್ಟಿರುವುದು ಯಾವುದು ಅನ್ನುವುದು. ವರ್ಡ್‌ಪ್ರೆಸ್ ಸೈಟ್ ಅಂದರೆ ಎರಡು ಭಾಗ. ಒಂದು ಕಡೆ ಫೈಲ್‌ಗಳು: ವರ್ಡ್‌ಪ್ರೆಸ್‌ನ ಸ್ವಂತ ಫೈಲ್, ಥೀಮ್ (ಸೈಟಿನ ರೂಪ), ಪ್ಲಗಿನ್, ನೀವು ಹಾಕಿದ ಫೋಟೋಗಳು. ಇನ್ನೊಂದು ಕಡೆ ಡೇಟಾಬೇಸ್: ಬರಹ, ಪುಟ, ಕಾಮೆಂಟ್, ಬಳಕೆದಾರರು, ಸೆಟ್ಟಿಂಗ್, ಆರ್ಡರ್, ಬುಕಿಂಗ್. ಅಪ್‌ಡೇಟ್ ಆದ ಮೇಲೆ ಸೈಟ್ ಬಿದ್ದರೆ ಹೆಚ್ಚಾಗಿ ಫೈಲ್‌ಗಳ ತೊಂದರೆ. ಯಾರೋ ಪುಟಗಳನ್ನು ಅಳಿಸಿದ್ದರೆ, ಸೆಟ್ಟಿಂಗ್ ಎಲ್ಲ ಏರುಪೇರಾಗಿದ್ದರೆ ಡೇಟಾಬೇಸ್‌ನದು. ಕೆಟ್ಟ ಭಾಗವನ್ನಷ್ಟೇ ವಾಪಸ್ ತಂದರೆ ಚೆನ್ನಾಗಿರುವ ಭಾಗಕ್ಕೆ ಪೆಟ್ಟು ಬೀಳುವುದಿಲ್ಲ. ಈ ಬರಹದಿಂದ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಆಮೇಲೆ, ಕೊನೆಯ ಒಳ್ಳೆಯ ಬ್ಯಾಕಪ್ ಆದಮೇಲೆ ಸೈಟಿಗೆ ಏನೇನು ಸೇರಿದೆ? ವರ್ಷಕ್ಕೆ ನಾಲ್ಕು ಸಲ ಬದಲಾಗುವ ಶಾಲೆಯ ಸೈಟ್‌ಗೆ ಹತ್ತು ದಿನದ ಹಳೆಯ ಬ್ಯಾಕಪ್ ಆದರೂ ನಡೆಯುತ್ತದೆ. ದಿನಾ ಆರ್ಡರ್ ಬರುವ ಅಂಗಡಿಗೆ ಆರು ಗಂಟೆ ಹಳೆಯದೂ ಜಾಸ್ತಿ ಹಳೆಯದೇ.

ಎಷ್ಟು ಹೊತ್ತು ಸೈಟ್ ಮುಚ್ಚಿರಬಹುದು ಅನ್ನುವುದನ್ನೂ ನಿರ್ಧರಿಸಿಕೊಳ್ಳಿ. ಸಂಜೆವರೆಗೆ ಸಮಯ ಇದ್ದರೆ ದಾರಿಗಳು ಜಾಸ್ತಿ. ಇನ್ನು ಕೈಗೆ ಎಷ್ಟು ಅಭ್ಯಾಸ ಇದೆ, ಎಷ್ಟು ಖರ್ಚು ಮಾಡಬಲ್ಲಿರಿ ಅನ್ನುವುದು ನಿಮಗೇ ಗೊತ್ತು.

ಬ್ಯಾಕಪ್ ಎಲ್ಲಿದೆ ಅನ್ನುವುದನ್ನು ಜನ ಮರೆಯುತ್ತಾರೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಅಲ್ಲಿನ ಒಂದು ಕಟ್ಟಡ ಪೂರ್ತಿ ಸುಟ್ಟುಹೋಯಿತು. ಬ್ಯಾಕಪ್ಪೂ ಅದೇ ಜಾಗದಲ್ಲಿದ್ದ ಗ್ರಾಹಕರಿಗೆ ಸೈಟೂ ಹೋಯಿತು, ಬ್ಯಾಕಪ್ಪೂ ಹೋಯಿತು. ಹೋಸ್ಟಿಂಗ್ ಖಾತೆಯೇ ಬಂದ್ ಆದರೆ, ರಿನ್ಯೂ ಮಾಡಲು ಮರೆತರೆ, ನಿಮಗೂ ಅದೇ ಗತಿ. ಆಗ ಹೋಸ್ಟಿಂಗ್ ಪ್ಯಾನೆಲ್ (ಹೋಸ್ಟಿಂಗ್ ಖಾತೆ ನಿಭಾಯಿಸುವ ಪುಟ) ಒಳಗಿನ ಬ್ಯಾಕಪ್ ಕೈಗೆ ಸಿಗುವುದಿಲ್ಲ.

ಮೊದಲು ನೋಡಿ: ರಿಸ್ಟೋರ್ ಬೇಕೇ ಬೇಕಾ?

ನನಗೆ ಬರುವ ಫೋನ್‌ಗಳಲ್ಲಿ ಎಷ್ಟೋ ಸಲ ರಿಸ್ಟೋರ್ ಮಾಡುವ ಅಗತ್ಯವೇ ಇರುವುದಿಲ್ಲ. ಅಳಿಸಿದ ಬರಹ 30 ದಿನ ಟ್ರ್ಯಾಶ್‌ನಲ್ಲಿ ಇರುತ್ತದೆ. ಬರಹ ಅಲ್ಲೇ ಇದ್ದು ಒಳಗಿನದ್ದು ಹಾಳಾಗಿದ್ದರೆ ಹಳೆಯ ಆವೃತ್ತಿ ರಿವಿಷನ್‌ನಲ್ಲಿ ಸಿಗುತ್ತದೆ. ಪ್ಲಗಿನ್ ಒಂದರಿಂದ ಸೈಟ್ ಬಿದ್ದಿದ್ದರೆ, 2019ರಲ್ಲಿ ಬಂದ ವರ್ಡ್‌ಪ್ರೆಸ್ 5.2ರಿಂದ ಈಚೆಗೆ, ಅಡ್ಮಿನ್ ಇಮೇಲ್‌ಗೆ ರಿಕವರಿ ಮೋಡ್‌ನ ಲಿಂಕ್ ಬರುತ್ತದೆ. ಯಾವ ಪ್ಲಗಿನ್ ಕೈಕೊಟ್ಟಿತು ಅಂತ ಆ ಮೇಲ್‌ನಲ್ಲೇ ಬರೆದಿರುತ್ತದೆ. ಲಿಂಕ್ ಒತ್ತಿ ಒಳಗೆ ಹೋಗಿ ಅದೊಂದನ್ನು ನಿಲ್ಲಿಸಿದರೆ ಸೈಟ್ ಏಳುತ್ತದೆ.

ಮೇಲ್ ಬರಲಿಲ್ಲವಾ? ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್ ತೆರೆದು, ಪ್ಲಗಿನ್ಸ್ ಫೋಲ್ಡರ್ ಒಳಗೆ ಅನುಮಾನ ಇರುವ ಪ್ಲಗಿನ್‌ನ ಫೋಲ್ಡರ್ ಹೆಸರಿನ ಕೊನೆಗೆ ಒಂದು ಅಕ್ಷರ ಸೇರಿಸಿ. ಆ ಪ್ಲಗಿನ್ ವರ್ಡ್‌ಪ್ರೆಸ್‌ಗೆ ಕಾಣಿಸುವುದಿಲ್ಲ, ಹಾಗಾಗಿ ನಿಂತುಹೋಗುತ್ತದೆ. ಖರ್ಚಿಲ್ಲ, ಏನೂ ಕಳೆದುಹೋಗುವುದಿಲ್ಲ. ಯಾವುದೇ ಬ್ಯಾಕಪ್ ಮುಟ್ಟುವ ಮೊದಲು ಇದನ್ನು ಮಾಡಿ ನೋಡಿ.

ಹೋಸ್ಟಿಂಗ್ ಪ್ಯಾನೆಲ್‌ನಿಂದ ರಿಸ್ಟೋರ್

ಎಲ್ಲಕ್ಕಿಂತ ಸುಲಭದ ದಾರಿ ಇದು. ಸಿಪ್ಯಾನೆಲ್ ಅನ್ನುವ ಪ್ಯಾನೆಲ್ ಇರುವ ಹೋಸ್ಟಿಂಗ್‌ಗಳಲ್ಲಿ ಹೆಚ್ಚಾಗಿ ಜೆಟ್‌ಬ್ಯಾಕಪ್ ಅನ್ನುವ ಐಕಾನ್ ಇರುತ್ತದೆ. ತಾರೀಕು ಆರಿಸಿ, ಫೈಲ್ ಬೇಕಾ, ಡೇಟಾಬೇಸ್ ಬೇಕಾ, ಇಮೇಲ್ ಬೇಕಾ ಅಂತ ಬೇರೆಬೇರೆಯಾಗಿ ಆರಿಸಬಹುದು. ಒಂದೇ ಒಂದು ಫೋಲ್ಡರ್ ಸಾಕು ಅಂದರೆ ಅದಷ್ಟನ್ನೇ ತರಬಹುದು. ಸರ್ವರ್ ಒಳಗೇ ಕೆಲಸ ನಡೆಯುವುದರಿಂದ ನಿಮ್ಮ ಊರಿನ ಇಂಟರ್ನೆಟ್ ನಿಧಾನ ಇದ್ದರೂ ತೊಂದರೆ ಇಲ್ಲ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಎರಡು ಜಿಬಿ ಫೈಲ್ ಅಪ್‌ಲೋಡ್ ಮಾಡಲು ಕೂತವರಿಗೆ ಇದರ ಬೆಲೆ ಗೊತ್ತು.

ಅದರ ಮಿತಿಗಳೂ ಇವೆ. ಎಷ್ಟು ದಿನದ ಬ್ಯಾಕಪ್ ಇಟ್ಟುಕೊಳ್ಳಬೇಕು ಅನ್ನುವುದು ಅವರ ಕೈಯಲ್ಲಿದೆ. ಕೆಲವರು ರಿಸ್ಟೋರ್‌ಗೆ ಹಣ ಕೇಳುತ್ತಾರೆ, ಹಾಗಾಗಿ ಟಿಕೆಟ್ (ಸಹಾಯದ ಕೋರಿಕೆ) ಹಾಕುವಾಗಲೇ ವಿಚಾರಿಸಿಕೊಳ್ಳಿ. ಸಿಪ್ಯಾನೆಲ್‌ನಲ್ಲಿ ನೀವೇ ತೆಗೆದಿಟ್ಟ ಫುಲ್ ಬ್ಯಾಕಪ್ ಇದೆಯಲ್ಲ, ಅದನ್ನು ಸಿಪ್ಯಾನೆಲ್‌ನಿಂದ ನೀವೇ ವಾಪಸ್ ಹಾಕಲು ಆಗುವುದಿಲ್ಲ. ಹೋಸ್ಟಿಂಗ್‌ನವರೇ ಹಾಕಿಕೊಡಬೇಕು. ಹೋಂ ಡೈರೆಕ್ಟರಿ (ನಿಮ್ಮ ಖಾತೆಯ ಫೈಲ್‌ಗಳು), ಡೇಟಾಬೇಸ್ ಅಂತ ಬಿಡಿಬಿಡಿಯಾಗಿ ತೆಗೆದಿದ್ದರೆ ಮಾತ್ರ ನೀವೇ ಹಾಕಬಹುದು. ಈ ವ್ಯತ್ಯಾಸ ತುಂಬ ಜನರಿಗೆ ಗೊತ್ತಾಗುವುದೇ ಸೈಟ್ ಬಿದ್ದ ದಿನ.

ಇನ್ನೊಂದು ಎಡವುವ ಜಾಗ ಗಡಿಯಾರ. ಆ ಹೋಂಸ್ಟೇ ಸೈಟಿನ ಪ್ಯಾನೆಲ್‌ನಲ್ಲಿ ಕೊನೆಯ ಬ್ಯಾಕಪ್ ಹಿಂದಿನ ದಿನದ 20:30ಕ್ಕೆ ಅಂತ ತೋರಿಸುತ್ತಿತ್ತು. ಓ, ರಾತ್ರಿ ಎಂಟೂವರೆದು, ಆಗ ಸೈಟ್ ಚೆನ್ನಾಗಿತ್ತು ಅಂತ ಅವರು ಅಂದುಕೊಂಡಿದ್ದರು. ಆದರೆ ಆ ಸರ್ವರ್‌ನ ಗಡಿಯಾರ ಯುಟಿಸಿ, ಅಂದರೆ ಜಾಗತಿಕ ಸಮಯ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ಬ್ಯಾಕಪ್ ಆಗಿದ್ದು ನಮ್ಮ ಬೆಳಗಿನ ಜಾವ ಎರಡಕ್ಕೆ. ಅವರ ಫೋನ್‌ನಲ್ಲಿ ವರ್ಡ್‌ಪ್ರೆಸ್‌ನ ಮೇಲ್ ಇತ್ತು, ಬುಕಿಂಗ್ ಪ್ಲಗಿನ್ ತಾನೇ ಅಪ್‌ಡೇಟ್ ಆಯಿತು ಅಂತ, ರಾತ್ರಿ ಒಂದು ಗಂಟೆ ಹತ್ತು ನಿಮಿಷಕ್ಕೆ. ಕೊನೆಯ ಬ್ಯಾಕಪ್‌ನಲ್ಲೇ ಕೆಟ್ಟ ಪ್ಲಗಿನ್ ಕೂತಿತ್ತು! ಅದನ್ನು ಹಾಕಿದ್ದರೆ ಮತ್ತೆ ಅದೇ ಕ್ರಿಟಿಕಲ್ ಎರರ್ ಬರುತ್ತಿತ್ತು.

ನಾವು ಮಾಡಿದ್ದು ಇಷ್ಟು. ಅದರ ಹಿಂದಿನ ರಾತ್ರಿಯ ಬ್ಯಾಕಪ್‌ನಿಂದ ಆ ಒಂದು ಪ್ಲಗಿನ್‌ನ ಫೋಲ್ಡರ್ ಮಾತ್ರ ತಂದೆವು. ಡೇಟಾಬೇಸ್ ಮುಟ್ಟಲೇ ಇಲ್ಲ. ಸೈಟ್ ಎದ್ದಿತು, ಆರೂ ಬುಕಿಂಗ್ ಹಾಗೇ ಇದ್ದವು. ಒಂದು ಎಚ್ಚರಿಕೆ: ಕೆಲವು ದೊಡ್ಡ ಪ್ಲಗಿನ್‌ಗಳು, ಅಂಗಡಿ ನಡೆಸುವ ವೂಕಾಮರ್ಸ್ ಥರದವು, ಅಪ್‌ಡೇಟ್ ಆದಾಗ ಡೇಟಾಬೇಸ್‌ನ ರಚನೆಯನ್ನೂ ಬದಲಾಯಿಸುತ್ತವೆ. ಅಂಥ ಕಡೆ ಹಳೆಯ ಫೋಲ್ಡರ್ ಹಾಕಿದ ಮೇಲೆ ಒಂದು ಆರ್ಡರ್ ಮಾಡಿ ಪರೀಕ್ಷಿಸಲೇಬೇಕು.

ಪ್ಲಗಿನ್‌ನಿಂದ ರಿಸ್ಟೋರ್

ಅಪ್‌ಡ್ರಾಫ್ಟ್‌ಪ್ಲಸ್ ಥರದ ಪ್ಲಗಿನ್‌ನ ದೊಡ್ಡ ಅನುಕೂಲ ಅಂದರೆ ಬ್ಯಾಕಪ್ ನಿಮ್ಮ ಸ್ವಂತ ಗೂಗಲ್ ಡ್ರೈವ್‌ನಲ್ಲೋ ಡ್ರಾಪ್‌ಬಾಕ್ಸ್‌ನಲ್ಲೋ ಇರುತ್ತದೆ. ಹೋಸ್ಟಿಂಗ್ ಕಂಪನಿ ಜೊತೆ ಜಗಳ ಆದರೂ, ಅವರ ಸರ್ವರ್ ಸುಟ್ಟರೂ ನಿಮ್ಮದು ನಿಮ್ಮ ಹತ್ತಿರ. ಉಚಿತ ಆವೃತ್ತಿಯೇ ಸಣ್ಣ ಸೈಟ್‌ಗಳಿಗೆ ಸಾಕು. ರಿಸ್ಟೋರ್ ಒತ್ತಿದಾಗ ಪ್ಲಗಿನ್, ಥೀಮ್, ಅಪ್‌ಲೋಡ್, ಉಳಿದವು, ಡೇಟಾಬೇಸ್ ಅಂತ ಐದು ಚೌಕ ಕೇಳುತ್ತದೆ. ಇಲ್ಲೇ ನಿಧಾನಿಸಬೇಕು. ಸುಮ್ನೆ ಐದಕ್ಕೂ ಟಿಕ್ ಹಾಕುವವರೇ ಜಾಸ್ತಿ. ಥೀಮ್ ಕೆಟ್ಟಿದ್ದರೆ ಥೀಮ್ ಒಂದಕ್ಕೆ ಹಾಕಿ. ಹಳೆಯ ಫೋಲ್ಡರ್‌ಗಳನ್ನು ಅದು ‘ಓಲ್ಡ್’ ಅಂತ ಹೆಸರು ಸೇರಿಸಿ ಪಕ್ಕಕ್ಕೆ ಇಡುತ್ತದೆ. ಎಲ್ಲ ಸರಿ ಇದೆ ಅಂತ ಖಾತ್ರಿ ಆಗುವವರೆಗೆ ಅವನ್ನು ಅಳಿಸಬೇಡಿ.

ಕೊರತೆ ಏನು? ಸೈಟ್ ಪೂರ್ತಿ ಹೋಗಿದ್ದರೆ ಪ್ಲಗಿನ್ ಓಡುವುದಕ್ಕೂ ಜಾಗ ಇಲ್ಲ. ಉಚಿತ ಆವೃತ್ತಿಯ ಬ್ಯಾಕಪ್‌ನಲ್ಲಿ ವರ್ಡ್‌ಪ್ರೆಸ್‌ನ ಮೂಲ ಫೈಲ್‌ಗಳೂ ಇರುವುದಿಲ್ಲ. ಹಾಗಾಗಿ ಮೊದಲು ಹೊಸದಾಗಿ ವರ್ಡ್‌ಪ್ರೆಸ್ ಹಾಕಿ, ಅದರಲ್ಲಿ ಇದೇ ಪ್ಲಗಿನ್ ಹಾಕಿ, ಬ್ಯಾಕಪ್ ಫೈಲ್‌ಗಳನ್ನು ಅಪ್‌ಲೋಡ್ ಮಾಡಿ, ಆಮೇಲೆ ರಿಸ್ಟೋರ್. ಕಷ್ಟವೇನಲ್ಲ, ಆದರೆ ಅರ್ಧ ದಿನದ ಕೆಲಸ ಆಗಬಹುದು. ಫೋಟೋ ಜಾಸ್ತಿ ಇರುವ ಸೈಟ್‌ಗಳಲ್ಲಿ ಅಗ್ಗದ ಹೋಸ್ಟಿಂಗ್‌ನ ಸಮಯದ ಮಿತಿಯಿಂದ ನಡುವೆಯೇ ನಿಲ್ಲುವುದೂ ಉಂಟು. ಆಗ ಅಪ್‌ಲೋಡ್ ಭಾಗವನ್ನು ಬಿಟ್ಟು ಉಳಿದದ್ದನ್ನು ಪ್ಲಗಿನ್‌ನಿಂದ ಮಾಡಿ, ಫೋಟೋಗಳನ್ನು ಎಫ್‌ಟಿಪಿಯಲ್ಲಿ (ಫೈಲ್‌ಗಳನ್ನು ನೇರವಾಗಿ ಸರ್ವರ್‌ಗೆ ಕಳಿಸುವ ದಾರಿ) ಹಾಕಿ.

ಇನ್ನೊಂದು ವಿಷಯ. ವರ್ಡ್‌ಪ್ರೆಸ್‌ನ ಸಮಯದ ಕೆಲಸಗಳು ಯಾರಾದರೂ ಸೈಟ್‌ಗೆ ಬಂದಾಗ ಮಾತ್ರ ಓಡುತ್ತವೆ. ಯಾರೂ ಬರದ ಸೈಟ್‌ನಲ್ಲಿ ವಾರದ ಬ್ಯಾಕಪ್ ಹೇಳಿದ ಹೊತ್ತಿಗೆ ಆಗುವುದಿಲ್ಲ. ಡ್ರೈವ್ ತೆರೆದು ಫೈಲ್ ಹೆಸರಿನಲ್ಲಿರುವ ತಾರೀಕು ನೋಡಿ, ನಂಬಿಕೆಯ ಮೇಲೆ ಹೋಗಬೇಡಿ. ಪ್ಲಗಿನ್ ಅನ್ನು ಹೊಸದಾಗಿಯೂ ಇಟ್ಟಿರಿ. 2022ರ ಫೆಬ್ರವರಿಯಲ್ಲಿ ಇದೇ ಅಪ್‌ಡ್ರಾಫ್ಟ್‌ಪ್ಲಸ್‌ನಲ್ಲಿ ಒಂದು ದೋಷ ಸಿಕ್ಕಿತು. ಸೈಟ್‌ಗೆ ಲಾಗಿನ್ ಆದ ಸಾಮಾನ್ಯ ಸದಸ್ಯನೂ ಪೂರ್ತಿ ಬ್ಯಾಕಪ್ ಇಳಿಸಿಕೊಳ್ಳಬಹುದಿತ್ತು. ಅದಕ್ಕೆ ವರ್ಡ್‌ಪ್ರೆಸ್‌ನವರು ಕಡ್ಡಾಯವಾಗಿ ಅಪ್‌ಡೇಟ್ ತಳ್ಳಬೇಕಾಯಿತು.

ಕೈಯಾರೆ ರಿಸ್ಟೋರ್: ಕನ್ನಡ ಸೈಟ್‌ನವರು ಇದನ್ನು ಪೂರ್ತಿ ಓದಿ

ಫೈಲ್‌ಗಳನ್ನು ಎಫ್‌ಟಿಪಿಯಲ್ಲಿ ಹಾಕಿ, ಡೇಟಾಬೇಸ್ ಅನ್ನು ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಇಂಪೋರ್ಟ್ ಮಾಡುವ ದಾರಿ. ಖರ್ಚು ಶೂನ್ಯ. ಯಾವ ಕಂಪನಿಯ, ಯಾವ ಪ್ಲಗಿನ್‌ನ ಹಂಗೂ ಇಲ್ಲ. ಪೆನ್‌ಡ್ರೈವ್‌ನಲ್ಲಿರುವ ಜಿಪ್ ಮತ್ತು ಎಸ್‌ಕ್ಯುಎಲ್ ಫೈಲ್‌ನಿಂದ (ಡೇಟಾಬೇಸ್‌ನ ಕಾಪಿ) ಸೈಟ್ ಎಬ್ಬಿಸಲು ಇದೇ ದಾರಿ. ಯಾವುದು ಎಷ್ಟು ಬೇಕೋ ಅಷ್ಟನ್ನೇ, ಒಂದೇ ಒಂದು ಟೇಬಲ್ ಬೇಕೆಂದರೂ, ತರುವ ಹಿಡಿತ ಇಲ್ಲೇ ಸಿಗುವುದು. ಆದರೆ ತಪ್ಪು ಮಾಡಲು ಜಾಗವೂ ಇಲ್ಲೇ ಜಾಸ್ತಿ.

ಮೊದಲು ಎದುರಾಗುವುದು ಗಾತ್ರ. ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಅಪ್‌ಲೋಡ್‌ಗೆ ಮಿತಿ ಇರುತ್ತದೆ, ಎಷ್ಟು ಅಂತ ಇಂಪೋರ್ಟ್ ಪುಟದಲ್ಲೇ ಬರೆದಿರುತ್ತದೆ. ಡೇಟಾಬೇಸ್ ಅದಕ್ಕಿಂತ ದೊಡ್ಡದಿದ್ದರೆ ಜಿಜಿಪ್ ಮಾಡಿ (ಕುಗ್ಗಿಸಿ) ಕಳಿಸಿ, ತುಂಬ ಚಿಕ್ಕದಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಎಸ್‌ಎಸ್‌ಎಚ್‌ನಲ್ಲಿ (ಆಜ್ಞೆ ಟೈಪ್ ಮಾಡಿ ಸರ್ವರ್ ನಡೆಸುವ ದಾರಿ) ಒಳಹೊಕ್ಕು, ವರ್ಡ್‌ಪ್ರೆಸ್‌ನ ಆಜ್ಞೆಗಳ ಸಾಧನವಾದ ಡಬ್ಲ್ಯುಪಿ-ಸಿಎಲ್‌ಐನ ಇಂಪೋರ್ಟ್ ಆಜ್ಞೆ ಕೊಡಿ. ದೊಡ್ಡ ಡೇಟಾಬೇಸ್‌ಗೆ ನನ್ನ ಆಯ್ಕೆ ಯಾವಾಗಲೂ ಅದೇ.

ಎರಡನೆಯದು ಕೊಲೇಷನ್ ಗೊತ್ತಿಲ್ಲ ಅನ್ನುವ ಎರರ್. ಕೊಲೇಷನ್ ಅಂದರೆ ಡೇಟಾಬೇಸ್ ಅಕ್ಷರಗಳನ್ನು ಹೋಲಿಸಿ ಜೋಡಿಸುವ ನಿಯಮ. ಡೇಟಾಬೇಸ್ ನಡೆಸುವ ಸಾಫ್ಟ್‌ವೇರ್ ಹಳೆಯ ಸರ್ವರ್‌ನಲ್ಲಿ ಮೈಎಸ್‌ಕ್ಯುಎಲ್ 8 ಇದ್ದು, ಹೊಸ ಕಡೆ ಮೈಎಸ್‌ಕ್ಯುಎಲ್ 5.7ಓ ಹಳೆಯ ಮಾರಿಯಾಡಿಬಿಯೋ ಇದ್ದರೆ ಹೀಗಾಗುತ್ತದೆ. ಎರರ್‌ನಲ್ಲಿ ಬರುವ ಹೆಸರಿನ ನಡುವೆ 0900 ಅಂತ ಕಾಣುತ್ತದಲ್ಲ, ಅದು 8ರಲ್ಲಿ ಹೊಸದಾಗಿ ಬಂದ ಕೊಲೇಷನ್. ಎಸ್‌ಕ್ಯುಎಲ್ ಫೈಲ್‌ನ ಒಂದು ಕಾಪಿ ತೆಗೆದು, ಅದರಲ್ಲಿ ಆ ಹೆಸರನ್ನು ಯೂನಿಕೋಡ್ 520 ಇರುವ ಹಳೆಯ ಹೆಸರಿಗೆ (utf8mb4_unicode_520_ci) ಬದಲಾಯಿಸಿದರೆ ಇಂಪೋರ್ಟ್ ಆಗುತ್ತದೆ.

ಮೂರನೆಯದು ನಮ್ಮ ಭಾಷೆಗೆ ಸೇರಿದ್ದು. ಯುಟಿಎಫ್-8ರಲ್ಲಿ (ಕಂಪ್ಯೂಟರ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ರೀತಿ) ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತದ ಚಿಹ್ನೆ ಮೂರು ಬೈಟ್ ತೆಗೆದುಕೊಳ್ಳುತ್ತದೆ. ಇಂಪೋರ್ಟ್ ಆಗುವಾಗ ಕ್ಯಾರೆಕ್ಟರ್ ಸೆಟ್ (ಹಾಗೆ ಬರೆದಿಡುವ ರೀತಿಯ ಸೆಟ್ಟಿಂಗ್) ತಪ್ಪಿದರೆ ಕನ್ನಡ ಎರಡು ರೀತಿ ಹಾಳಾಗುತ್ತದೆ, ಮತ್ತು ಎರಡೂ ಒಂದೇ ಅಲ್ಲ. ಪುಟದ ತುಂಬ ತಲೆಯ ಮೇಲೆ ಗೀರು ಇರುವ ಇಂಗ್ಲಿಷ್ ‘ಎ’ (à), ಜೊತೆಗೆ ಏನೇನೋ ಚಿಹ್ನೆ ಕಂಡರೆ ಗಾಬರಿ ಬೇಡ. ಬೈಟ್‌ಗಳು ಹಾಗೇ ಇವೆ, ಓದುವ ರೀತಿ ತಪ್ಪಿದೆ ಅಷ್ಟೇ. ಡಬ್ಲ್ಯುಪಿ-ಕಾನ್ಫಿಗ್ ಫೈಲ್‌ನಲ್ಲಿ ಡಿಬಿ-ಚಾರ್‌ಸೆಟ್ (DB_CHARSET) ಸಾಲು ಮೊದಲಿನಂತೆಯೇ ಇದೆಯಾ ನೋಡಿ, ಹೆಚ್ಚಾಗಿ ಅಲ್ಲೇ ಸರಿಹೋಗುತ್ತದೆ. ಆದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ, ಆ ಡೇಟಾಬೇಸ್‌ನೊಳಗೆ ಕನ್ನಡ ಉಳಿದಿಲ್ಲ. ಅದನ್ನು ರಿಪೇರಿ ಮಾಡಲು ಕೂರಬೇಡಿ. ಟೇಬಲ್‌ಗಳನ್ನು ತೆಗೆದುಹಾಕಿ, ಕ್ಯಾರೆಕ್ಟರ್ ಸೆಟ್ ಸರಿ ಮಾಡಿ, ಮೂಲ ಎಸ್‌ಕ್ಯುಎಲ್ ಫೈಲ್‌ನಿಂದ ಮತ್ತೊಮ್ಮೆ ಇಂಪೋರ್ಟ್ ಮಾಡಿ. ಹಾಗಾಗಿಯೇ ಮೂಲ ಫೈಲ್ ಅನ್ನು ಎಂದೂ ತಿದ್ದಬಾರದು, ಕಾಪಿಯನ್ನೇ ತಿದ್ದಬೇಕು.

ಇಂಪೋರ್ಟ್‌ಗೆ ಮುಂಚೆ ಎಸ್‌ಕ್ಯುಎಲ್ ಫೈಲ್ ಅನ್ನು ನೋಟ್‌ಪ್ಯಾಡ್ ಥರದ್ದರಲ್ಲಿ ತೆರೆದು ಒಂದು ಕನ್ನಡ ಪದ ಹುಡುಕಿ ನೋಡಿ. ಓದಲು ಬಂದರೆ ಬ್ಯಾಕಪ್ ಚೆನ್ನಾಗಿದೆ. ಇಷ್ಟು ಸಣ್ಣ ಪರೀಕ್ಷೆಗೆ ಒಂದು ನಿಮಿಷ ಸಾಕು.

ಫೋಟೋಗಳಿಗೂ ಇದೇ ಕಾಟ. ಫೈಲ್‌ಗೆ ಕನ್ನಡದಲ್ಲೇ ಹೆಸರಿಟ್ಟು ಅಪ್‌ಲೋಡ್ ಮಾಡಿರುವ ಸೈಟ್‌ಗಳಿವೆ, ‘ಜಾತ್ರೆ’, ‘ಅಜ್ಜಿ-ಮನೆ’ ಅಂತೆಲ್ಲ. ಜಿಪ್ ಬಿಚ್ಚುವಾಗ ಕೆಲವು ಸಾಫ್ಟ್‌ವೇರ್‌ಗಳು ಆ ಹೆಸರುಗಳನ್ನು ಕೆಡಿಸುತ್ತವೆ. ಫೋಟೋ ಸರ್ವರ್‌ನಲ್ಲೇ ಇರುತ್ತದೆ, ಹೆಸರು ಹೊಂದದೆ ಪುಟದಲ್ಲಿ ಖಾಲಿ ಚೌಕ ಕಾಣುತ್ತದೆ. ಅಂಥ ಜಿಪ್ ಅನ್ನು ಲ್ಯಾಪ್‌ಟಾಪ್‌ನಲ್ಲಿ ಬಿಚ್ಚದೆ ಹಾಗೇ ಅಪ್‌ಲೋಡ್ ಮಾಡಿ, ಸರ್ವರ್‌ನಲ್ಲೇ ಬಿಚ್ಚಿ ನೋಡಿ.

ಡೊಮೇನ್ ಹೆಸರು ಬದಲಾಗುತ್ತಿದ್ದರೆ ಎಸ್‌ಕ್ಯುಎಲ್ ಫೈಲ್‌ನಲ್ಲಿ ಹಳೆಯ ವಿಳಾಸ ಹುಡುಕಿ ಹೊಸದನ್ನು ತುಂಬಬೇಡಿ. ವರ್ಡ್‌ಪ್ರೆಸ್ ಹಲವು ಸೆಟ್ಟಿಂಗ್‌ಗಳ ಜೊತೆ ಅವುಗಳ ಉದ್ದವನ್ನೂ ಎಣಿಸಿ ಬರೆದಿಟ್ಟಿರುತ್ತದೆ. ಉದ್ದ ತಪ್ಪಿದರೆ ವಿಜೆಟ್, ಥೀಮ್ ಸೆಟ್ಟಿಂಗ್ ಮಾಯ. ಡಬ್ಲ್ಯುಪಿ-ಸಿಎಲ್‌ಐನ ಸರ್ಚ್-ರಿಪ್ಲೇಸ್ ಆ ಎಣಿಕೆಯನ್ನೂ ಸರಿಮಾಡುತ್ತದೆ.

ವಿಪಿಎಸ್ ಸ್ನ್ಯಾಪ್‌ಶಾಟ್

ಸ್ವಂತ ವಿಪಿಎಸ್ (ನಿಮಗೊಬ್ಬರಿಗೇ ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್) ಇಟ್ಟುಕೊಂಡವರಿಗೆ ಸ್ನ್ಯಾಪ್‌ಶಾಟ್‌ನಿಂದ, ಅಂದರೆ ಒಂದು ಕ್ಷಣದಲ್ಲಿ ಸರ್ವರ್ ಹೇಗಿತ್ತೋ ಅದರ ಪೂರ್ತಿ ಕಾಪಿಯಿಂದ, ಇಡೀ ಮೆಷಿನ್ ಅನ್ನೇ ಹಿಂದಕ್ಕೆ ಒಯ್ಯುವ ದಾರಿ ಇದೆ. ಬೆಂಗಳೂರಿನಲ್ಲೂ ಡೇಟಾ ಸೆಂಟರ್ ಇರುವ ಡಿಜಿಟಲ್‌ಓಷನ್ ಕಂಪನಿಯಲ್ಲಿ ವಾರದ ಬ್ಯಾಕಪ್‌ಗೆ ಸರ್ವರ್ ಬಾಡಿಗೆಯ ಮೇಲೆ 20 ಪರ್ಸೆಂಟ್ ಸೇರುತ್ತದೆ. ಬೇಗ ಆಗುತ್ತದೆ, ಆದರೆ ಎಲ್ಲವೂ ಹಿಂದಕ್ಕೆ ಹೋಗುತ್ತದೆ. ಅದೇ ಮೆಷಿನ್‌ನಲ್ಲಿರುವ ಪಕ್ಕದ ಸೈಟ್ ಕೂಡ. ಹಾಗಾಗಿ ನೇರವಾಗಿ ಅದರ ಮೇಲೆ ರಿಸ್ಟೋರ್ ಮಾಡಬೇಡಿ. ಸ್ನ್ಯಾಪ್‌ಶಾಟ್‌ನಿಂದ ಬೇರೆ ಒಂದು ಸರ್ವರ್ ಎಬ್ಬಿಸಿ, ಬೇಕಾದ ಫೋಲ್ಡರ್ ಅಥವಾ ಡೇಟಾಬೇಸ್ ಮಾತ್ರ ಅಲ್ಲಿಂದ ಎತ್ತಿಕೊಂಡು, ಆ ಸರ್ವರ್ ಅನ್ನು ಮುಚ್ಚಿಬಿಡಿ. ಕೆಲವು ಗಂಟೆಯ ಬಾಡಿಗೆ ಅಷ್ಟೇ ಖರ್ಚು.

ಹ್ಯಾಕ್ ಆಗಿದ್ದರೆ ಲೆಕ್ಕವೇ ಬೇರೆ

ಇಲ್ಲಿ ಮಾತ್ರ ‘ಕೆಟ್ಟ ಭಾಗವನ್ನಷ್ಟೇ’ ಅನ್ನುವ ಮಾತು ನಡೆಯುವುದಿಲ್ಲ. ಹಳೆಯ ಫೈಲ್‌ಗಳನ್ನು ಮೇಲೆ ಹಾಕಿದರೆ ಅದೇ ಹೆಸರಿನವು ಬದಲಾಗುತ್ತವೆ, ಆದರೆ ಕಳ್ಳರು ಹೊಸದಾಗಿ ತಂದಿಟ್ಟ ಫೈಲ್‌ಗಳು ಅಲ್ಲೇ ಉಳಿಯುತ್ತವೆ. ವಾರದಲ್ಲಿ ಮತ್ತೆ ಅದೇ ಗೋಳು. ಆದ್ದರಿಂದ ಸೈಟಿನ ಫೈಲ್‌ಗಳಿರುವ ಪಬ್ಲಿಕ್ ಫೋಲ್ಡರ್ ಪೂರ್ತಿ ಖಾಲಿ ಮಾಡಿ. ವರ್ಡ್‌ಪ್ರೆಸ್, ಥೀಮ್, ಪ್ಲಗಿನ್‌ಗಳನ್ನು ಅವುಗಳ ಮೂಲದಿಂದಲೇ ಹೊಸದಾಗಿ ಇಳಿಸಿ ಹಾಕಿ. ಬ್ಯಾಕಪ್‌ನಿಂದ ಫೋಟೋ ಮತ್ತು ಡೇಟಾಬೇಸ್ ಮಾತ್ರ ತನ್ನಿ. ಫೋಟೋಗಳ ಫೋಲ್ಡರ್‌ನಲ್ಲಿ ಪಿಎಚ್‌ಪಿ (ಪ್ರೋಗ್ರಾಂ) ಫೈಲ್ ಕಂಡರೆ ಅನುಮಾನಪಡಿ, ಅಲ್ಲಿ ಅದಕ್ಕೆ ಕೆಲಸವಿಲ್ಲ. ಗೊತ್ತಿಲ್ಲದ ಅಡ್ಮಿನ್ ಹೆಸರುಗಳನ್ನು ತೆಗೆಯಿರಿ. ಹೋಸ್ಟಿಂಗ್, ಡೇಟಾಬೇಸ್, ಎಫ್‌ಟಿಪಿ, ಅಡ್ಮಿನ್ ಪಾಸ್‌ವರ್ಡ್ ಎಲ್ಲವನ್ನೂ ಬದಲಾಯಿಸಿ. ಇದು ನಿಮ್ಮ ಕೈಲಾಗದು ಅನ್ನಿಸಿದರೆ ಹಣ ಕೊಟ್ಟು ಬಲ್ಲವರಿಂದ ಮಾಡಿಸುವುದು ಒಳ್ಳೆಯದು. ಖರ್ಚು ಮಾಡುವುದಾದರೆ ಈ ಕೆಲಸಕ್ಕೆ ಮಾಡಿ ಅಂತ ನಾನು ಹೇಳುತ್ತೇನೆ. ಒಂದು ಪ್ಲಗಿನ್ ಫೋಲ್ಡರ್ ವಾಪಸ್ ತರಲು ದುಡ್ಡು ಕೊಡಬೇಕಾಗಿಲ್ಲ.

ಬ್ಯಾಕಪ್ಪೇ ಇಲ್ಲದಿದ್ದರೆ

ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ನಿಮ್ಮ ಸೈಟ್ ವಿಳಾಸ ಹಾಕಿ ನೋಡಿ. ಅದು ಕಾಪಿ ಮಾಡಿಟ್ಟಿದ್ದರೆ ಬರಹಗಳ ಪಠ್ಯ ಸಿಗುತ್ತದೆ, ಕೆಲವು ಫೋಟೋ ಕೂಡ. ಡೇಟಾಬೇಸ್ ಸಿಗುವುದಿಲ್ಲ, ಆರ್ಡರ್ ಸಿಗುವುದಿಲ್ಲ, ಒಂದೊಂದೇ ಪುಟವನ್ನು ಕೈಯಲ್ಲಿ ಮತ್ತೆ ಹಾಕಬೇಕು. ಹಿಂದೆ ಗೂಗಲ್ ಹುಡುಕಾಟದಲ್ಲೇ ಕ್ಯಾಶ್ (ಪುಟದ ಹಳೆಯ ಕಾಪಿ) ಲಿಂಕ್ ಇರುತ್ತಿತ್ತು, 2024ರಲ್ಲಿ ಗೂಗಲ್ ಅದನ್ನು ತೆಗೆದುಹಾಕಿತು.

ವರ್ಡ್‌ಪ್ರೆಸ್‌ನ ಎಕ್ಸ್‌ಪೋರ್ಟ್ ಬಟನ್ ಒತ್ತಿ ಇಳಿಸಿಕೊಂಡ ಎಕ್ಸ್‌ಎಂಎಲ್ ಫೈಲ್ ಇದೆ, ಅದೇ ಬ್ಯಾಕಪ್ ಅಂದುಕೊಂಡವರು ತುಂಬ ಜನ. ಅದರಲ್ಲಿ ಬರಹ, ಕಾಮೆಂಟ್ ಇರುತ್ತವೆ. ಫೋಟೋಗಳು ಇರುವುದಿಲ್ಲ, ಅವುಗಳ ವಿಳಾಸ ಮಾತ್ರ. ಹಳೆಯ ಸೈಟ್ ಬದುಕಿದ್ದರೆ ಮಾತ್ರ ಅಲ್ಲಿಂದ ಫೋಟೋ ಬರುತ್ತದೆ. ಆದರೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಬರಹಗಾರರ ಸೈಟ್ ಆದರೆ ಪ್ರಾಣ ಇರುವುದೇ ಅದರಲ್ಲಿ.

ಹಾಗಾದರೆ ನಿಮಗೆ ಯಾವುದು?

ಅಪರೂಪಕ್ಕೆ ಬದಲಾಗುವ ಶಾಲೆ, ಸಂಘ, ದೇವಸ್ಥಾನದ ಸೈಟ್ ಆದರೆ ಹೋಸ್ಟಿಂಗ್ ಪ್ಯಾನೆಲ್‌ನಿಂದ ಪೂರ್ತಿ ರಿಸ್ಟೋರ್ ಮಾಡಿ, ನಿಶ್ಚಿಂತೆಯಾಗಿರಿ. ಕಳೆದುಹೋಗುವುದು ಏನೂ ಇಲ್ಲ.

ಬರಹಗಾರರು, ಸಣ್ಣ ಪತ್ರಿಕೆಯವರು ಪ್ಲಗಿನ್ ದಾರಿ ಹಿಡಿಯಿರಿ, ಬ್ಯಾಕಪ್ ನಿಮ್ಮ ಡ್ರೈವ್‌ನಲ್ಲಿ ಇರಲಿ. ವರ್ಷಗಟ್ಟಲೆ ಬರೆದದ್ದು ಒಂದೇ ಕಂಪನಿಯ ಕೈಯಲ್ಲಿ ಇರುವುದು ನನಗೆ ಸರಿ ಕಾಣುವುದಿಲ್ಲ. ಬ್ಯಾಕಪ್ ನಂತರ ಬರೆದ ಒಂದೆರಡು ಲೇಖನಗಳನ್ನು ಕೆಟ್ಟ ಡೇಟಾಬೇಸ್‌ನ ಕಾಪಿಯಿಂದ ಎತ್ತಿ ಮತ್ತೆ ಹಾಕಬಹುದು.

ಅಂಗಡಿ, ಬುಕಿಂಗ್ ಸೈಟ್‌ನವರು ಡೇಟಾಬೇಸ್ ರಿಸ್ಟೋರ್ ಅನ್ನು ಕೊನೆಯ ದಾರಿ ಅಂತ ಇಟ್ಟುಕೊಳ್ಳಿ. ಮೊದಲು ಫೈಲ್‌ಗಳು, ಅದೂ ಬೇಕಾದಷ್ಟೇ. ಡೇಟಾಬೇಸ್ ಹಿಂದಕ್ಕೆ ಒಯ್ಯಲೇಬೇಕಾದರೆ ನಡುವಿನ ಆರ್ಡರ್‌ಗಳ ಪಟ್ಟಿಯನ್ನು ಎರಡು ಕಡೆಯಿಂದ ಕಟ್ಟಿ: ಆರ್ಡರ್ ಬಂದಾಗ ನಿಮಗೆ ಬಂದ ಇಮೇಲ್‌ಗಳು, ಮತ್ತು ರೇಜರ್‌ಪೇ ಥರದ ಪೇಮೆಂಟ್ ಗೇಟ್‌ವೇಯ ಡ್ಯಾಶ್‌ಬೋರ್ಡ್. ಸೈಟ್ ಮರೆತರೂ ಹಣ ಬಂದ ಲೆಕ್ಕ ಅಲ್ಲಿರುತ್ತದೆ. ಹಣ ಕೊಟ್ಟವರಿಗೆ ನೀವೇ ಮೊದಲು ಫೋನ್ ಮಾಡಿ ತಿಳಿಸಿ.

ಹೋಸ್ಟಿಂಗ್ ಕಂಪನಿಯನ್ನೇ ಬದಲಾಯಿಸುವವರು ನೇಮ್‌ಸರ್ವರ್ (ಡೊಮೇನ್ ಹೆಸರಿನ ದಾರಿ ತೋರಿಸುವುದು) ಬದಲಿಸುವ ಮುನ್ನ ಎಂಎಕ್ಸ್ ರೆಕಾರ್ಡ್‌ಗಳನ್ನು (ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಸೆಟ್ಟಿಂಗ್) ಬರೆದಿಟ್ಟುಕೊಂಡು ಹೊಸ ಕಡೆಯೂ ಹಾಕಿ. ಇಲ್ಲದಿದ್ದರೆ ಸೈಟ್ ಎದ್ದ ದಿನವೇ ಇಮೇಲ್ ನಿಲ್ಲುತ್ತದೆ.

ಇಷ್ಟೆಲ್ಲದರ ಮಧ್ಯೆ, ಮೊದಲ ಸಲ ರಿಸ್ಟೋರ್ ಮಾಡುವುದು ಸೈಟ್ ಬಿದ್ದ ದಿನ ಆಗಬಾರದು. 2017ರ ಜನವರಿ 31ರಂದು ಪ್ರೋಗ್ರಾಂಗಳ ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನಲ್ಲಿ ಒಬ್ಬ ಇಂಜಿನಿಯರ್ ತಪ್ಪಾಗಿ ಮುಖ್ಯ ಡೇಟಾಬೇಸ್ ಅಳಿಸಿದರು. ದಿನದ ಬ್ಯಾಕಪ್ ನೋಡಲು ಹೋದರೆ ಅಲ್ಲಿ ಏನೂ ಇರಲಿಲ್ಲ. ಬ್ಯಾಕಪ್ ತೆಗೆಯುವ ಸಾಫ್ಟ್‌ವೇರ್‌ನ ಆವೃತ್ತಿ ಡೇಟಾಬೇಸ್‌ನ ಆವೃತ್ತಿಗೆ ಹೊಂದದೆ ಅದು ಸುಮ್ಮನೆ ಸೋಲುತ್ತಿತ್ತು, ಯಾರಿಗೂ ಗೊತ್ತಾಗಿರಲಿಲ್ಲ. ಕೊನೆಗೆ ಕೈಹಿಡಿದದ್ದು ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್. ಅಷ್ಟು ದೊಡ್ಡ ಕಂಪನಿಗೇ ಹೀಗಾಯಿತು. ಮೂರು ತಿಂಗಳಿಗೊಮ್ಮೆ ಒಂದು ಸಬ್‌ಡೊಮೇನ್‌ನಲ್ಲೋ, ಲ್ಯಾಪ್‌ಟಾಪ್‌ನಲ್ಲಿ ಎಕ್ಸ್‌ಎಎಂಪಿಪಿ (XAMPP, ಲ್ಯಾಪ್‌ಟಾಪ್ ಅನ್ನೇ ಸರ್ವರ್ ಥರ ಮಾಡುವ ಸಾಫ್ಟ್‌ವೇರ್) ಹಾಕಿಕೊಂಡೋ ಬ್ಯಾಕಪ್ ಬಿಚ್ಚಿ ಸೈಟ್ ಎಬ್ಬಿಸಿ ನೋಡಿ. ಎಷ್ಟು ಹೊತ್ತು ಬೇಕಾಯಿತು ಅಂತ ಬರೆದಿಡಿ.

ರಿಸ್ಟೋರ್ ಮುಗಿದ ಮೇಲೆ

ಮುಖಪುಟ ಬಂತು ಅಂತ ಎದ್ದು ಹೋಗಬೇಡಿ. ಒಳಗಿನ ಒಂದು ಪುಟ ತೆರೆಯಿರಿ. 404 (ಪುಟ ಸಿಗಲಿಲ್ಲ) ಬಂದರೆ ಅಡ್ಮಿನ್‌ನಲ್ಲಿ ಪರ್ಮಾಲಿಂಕ್ (ಪುಟಗಳ ವಿಳಾಸದ ಸೆಟ್ಟಿಂಗ್) ಪುಟಕ್ಕೆ ಹೋಗಿ ಏನನ್ನೂ ಬದಲಾಯಿಸದೆ ಸೇವ್ ಒತ್ತಿ. ಹಳೆಯ ಬರಹವೊಂದನ್ನು ತೆಗೆದು ಕನ್ನಡ, ಒತ್ತಕ್ಷರ, ಕಾಮೆಂಟ್‌ನಲ್ಲಿರುವ ಎಮೋಜಿ ಸರಿ ಇವೆಯಾ ನೋಡಿ. ಸಂಪರ್ಕದ ಫಾರ್ಮ್‌ನಿಂದ ನಿಮಗೇ ಒಂದು ಸಂದೇಶ ಕಳಿಸಿ, ಮೇಲ್ ಬಂತಾ ಅಂತ ಕಾಯಿರಿ. ಕ್ಯಾಶ್ ಪ್ಲಗಿನ್ (ಪುಟಗಳ ಕಾಪಿ ಇಟ್ಟು ಬೇಗ ತೋರಿಸುವುದು) ಇದ್ದರೆ ಖಾಲಿ ಮಾಡಿ, ಲಾಗಿನ್ ಆಗದ ಬೇರೆ ಫೋನ್‌ನಿಂದ ಇನ್ನೊಮ್ಮೆ ನೋಡಿ. ಕೊನೆಗೆ, ಮೊದಲಲ್ಲಿ ನಿಲ್ಲಿಸಿದ್ದಿರಲ್ಲ, ಆ ಬ್ಯಾಕಪ್ ಶೆಡ್ಯೂಲ್ ಅನ್ನು ಮತ್ತೆ ಶುರು ಮಾಡಿ. ಇಟ್ಟುಕೊಳ್ಳುವ ಸಂಖ್ಯೆ ಎರಡು ಇದ್ದರೆ ಎಂಟು ಮಾಡಿ. ಆ ಹೋಂಸ್ಟೇಯವರು ಅವತ್ತೇ ಮಾಡಿದರು, ಬುಕಿಂಗ್ ಪ್ಲಗಿನ್‌ನ ಆಟೋ ಅಪ್‌ಡೇಟ್ ಕೂಡ ನಿಲ್ಲಿಸಿದರು. ಈಗ ತಿಂಗಳಿಗೊಮ್ಮೆ, ಅತಿಥಿಗಳು ಇಲ್ಲದ ಮಂಗಳವಾರ ಬೆಳಗ್ಗೆ, ಬ್ಯಾಕಪ್ ತೆಗೆದು ಅವರೇ ಅಪ್‌ಡೇಟ್ ಒತ್ತುತ್ತಾರೆ.